ಕೆಳಗೆ ಕುಳಿತು ನೋಡಿದಾಗ

ಹದಿನೈದು ವರ್ಷ ಸರ್ಕಸ್ಸಿನ ಅನ್ನ ಉಂಡವನು ನಾನು. ಆದರೆ ಸರ್ಕಸ್ಸಿಗೆಂದು ಟಿಕೀಟು ಕೊಂಡದ್ದು ಕಳೆದ ಬೇಸಗೆಯಲ್ಲಿ, ನನ್ನ ಎಪ್ಪತ್ತನೆಯ ವಯಸ್ಸಿನಲ್ಲಿ. ಬಾಗಲಕೋಟೆಯಲ್ಲಿ ಡೇರೆ ಹಾಕಿದ್ದಾರೆಂಬ ಸುದ್ದಿ ಹುನಗುಂದಕ್ಕೆ ಬಂದದ್ದೇ ತಡ, ಮೊಮ್ಮಗಳು ಹಟ ಹಿಡಿದಳು. “ನೀ ಹಾರತಿದ್ದೆ ಅಂತಲ್ಲ ಅಜ್ಜಾ, ಹೆಂಗ ಅಂತ ತೋರಸು” ಎಂದಳು. ಮೊಣಕಾಲು ಬಗ್ಗಿಸಿ ನೆಲಕ್ಕೆ ಕೂರಲಾರದ ಅಜ್ಜ ಹಾರಿದ್ದನೆಂಬುದನ್ನು ಅವಳು ಅಷ್ಟಾಗಿ ನಂಬಿರಲಿಲ್ಲವೆಂದು ತೋರುತ್ತದೆ.

ನಾನು ಸರ್ಕಸ್ಸಿಗೆ ಸೇರಿದ್ದು 1974ರಲ್ಲಿ. ನಮ್ಮ ಊರು ಆಗ ಬಿಜಾಪುರ ಜಿಲ್ಲೆಯಲ್ಲಿತ್ತು. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಈ ಸೀಮೆಯಲ್ಲಿ ಗರಡಿಮನೆಯ ಮಣ್ಣು ಮೈಗೆ ಹತ್ತಿದ ಹುಡುಗರಿಗೆ ಮಲ್ಲಗಂಬವೆಂದರೆ ಪ್ರಾಣ. ನಾನೂ ಕಂಬ ಹತ್ತಿ ತಲೆಕೆಳಗಾಗಿ ಜೋತಾಡಿ ಬೆಳೆದವನು. ಹುಬ್ಬಳ್ಳಿಗೆ ಬಂದ ಸರ್ಕಸ್ಸೊಂದನ್ನು ನೋಡಲು ಹೋದವನು ಮನೆಗೆ ಮರಳಲಿಲ್ಲ. ಎಂಟು ದಿನಗಳ ಮೇಲೆ ತಾಯಿಗೆ ಒಂದು ಕಾರ್ಡು ಬರೆದೆ.

ತಾಯಿ ವಿಧವೆ. ಇಳಕಲ್ಲ ಸೀರೆಯ ನೇಕಾರರಿಗೆ ಕೊಂಡಿ ಹಾಕಿಕೊಟ್ಟು ನನ್ನನ್ನು ಸಾಕಿದ್ದಳು. ಸೀರೆಯ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಎಳೆಎಳೆಯಾಗಿ ಒಂದಕ್ಕೊಂದು ಸಿಕ್ಕಿಸುವ ಕೆಲಸವದು. ಕಣ್ಣು ಕೀಳದೆ ಗಂಟೆಗಟ್ಟಲೆ ಮಾಡಬೇಕು. ಅಷ್ಟು ದಿಟ್ಟಿಸಬಲ್ಲ ಕಣ್ಣು ಅವಳದು. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು.

ಬಾಗಲಕೋಟೆಯ ಡೇರೆಯೊಳಗೆ ಕಾಲಿಟ್ಟಾಗ ಮೊದಲು ಎದ್ದು ಕಂಡದ್ದು ಒಂದು ಕೊರತೆ. ಹುಲಿ ಸಿಂಹಗಳ ವಾಸನೆಯಿಲ್ಲ. ಕರಡಿ, ಮಂಗ, ಹುಲಿ, ಚಿರತೆ, ಸಿಂಹಗಳನ್ನು ಆಡಿಸಬಾರದೆಂಬ ಸರಕಾರದ ಆಜ್ಞೆಯನ್ನು ಸುಪ್ರೀಂ ಕೋರ್ಟು 2001ರಲ್ಲಿ ಎತ್ತಿಹಿಡಿಯಿತು. 2011ರಲ್ಲಿ ಅದೇ ನ್ಯಾಯಾಲಯದ ತೀರ್ಪಿನಿಂದ ಸಣ್ಣ ಮಕ್ಕಳನ್ನು ದುಡಿಸುವುದೂ ನಿಂತಿತು. ಎರಡೂ ನ್ಯಾಯವಾದ ಮಾತೇ. ಪಂಜರದೊಳಗಿನ ಕಣ್ಣುಗಳನ್ನೂ ನಿದ್ದೆಗೆಟ್ಟ ಮಕ್ಕಳ ಕಣ್ಣುಗಳನ್ನೂ ಹತ್ತಿರದಿಂದ ಕಂಡ ನಾನು ಅದನ್ನು ಅಲ್ಲವೆನ್ನಲಾರೆ. ಆದರೆ ವಿಷ್ಣುಪಂತ ಛತ್ರೆಯವರು 1880ರಲ್ಲಿ ಮುಂಬಯಿಯಲ್ಲಿ ಕಟ್ಟಿ ನಿಲ್ಲಿಸಿದ, ಕೀಲೇರಿ ಕುಂಞಿಕಣ್ಣನ್ನರು 1901ರಲ್ಲಿ ತಲಚೇರಿಯಲ್ಲಿ ಶಾಲೆ ತೆರೆದು ಬೆಳೆಸಿದ ಈ ವಿದ್ಯೆ, ಇಂದು ಅರ್ಧ ಖಾಲಿಯಾದ ಕುರ್ಚಿಗಳ ಮುಂದೆ ನಡೆಯುವುದನ್ನು ಕಂಡು ಹೊಟ್ಟೆಯಲ್ಲಿ ಸಂಕಟವಾಯಿತು.

ಉಳಿದಿರುವುದು ಮನುಷ್ಯನ ಮೈಯೊಂದೇ. ಅದರಲ್ಲಿ ಕೊನೆಯ ಆಟ ತೂಗುಜೋಕಾಲಿಯದು.

ಜೋಕಾಲಿಯಲ್ಲಿ ಹಾರುವವನನ್ನೇ ಜನ ನೋಡುತ್ತಾರೆ. ಬಲ್ಲವರು ನೋಡುವುದು ಎದುರಿನ ಜೋಕಾಲಿಯಲ್ಲಿ ಮೊಣಕಾಲು ಸಿಕ್ಕಿಸಿ ತಲೆಕೆಳಗಾಗಿ ತೂಗುವ, ಹಿಡಿಯುವವನನ್ನು. ಹಾರುವವನು ಕೈ ಚಾಚಬೇಕು, ಅಷ್ಟೆ. ತಾನೇ ಹಿಡಿಯಲು ಹೋಗಬಾರದು. ಅವನ ಮಣಿಕಟ್ಟನ್ನು ಇನ್ನೊಬ್ಬ ಹಿಡಿಯುತ್ತಾನೆ, ಅವನು ಇವನ ಕೈಗೇ ಬರುತ್ತಾನೆಂಬ ನಂಬಿಕೆಯ ಮೇಲೆ ಆಟ ನಿಂತಿದೆ. ಕೈ ತಪ್ಪಿದರೆ ಕೆಳಗೆ ಬಲೆಯುಂಟು. ಆದರೆ ಬಲೆಗೂ ಬೆನ್ನು ಕೊಟ್ಟು ಬೀಳಬೇಕು. ಬಗ್ಗಿ ಬಿದ್ದರೆ ಬಲೆಯೇ ಕತ್ತು ಮುರಿಯಬಲ್ಲದು. ಮೇಲಿರುವಾಗ ಈ ಯಾವ ಭಯವೂ ನನ್ನನ್ನು ಬಾಧಿಸಲಿಲ್ಲ. ಲೆಕ್ಕ ಹಾಕುವವನಿಗೆ ಭಯಪಡಲು ಪುರಸತ್ತೆಲ್ಲಿ?

1978ರಲ್ಲಿ ನಮ್ಮ ಸರ್ಕಸ್ಸು ಬಿಜಾಪುರಕ್ಕೆ ಬಂತು. ನಾಲ್ಕು ವರ್ಷಗಳ ಮೇಲೆ ತಾಯಿ ನನ್ನನ್ನು ನೋಡಲೆಂದು ಹುನಗುಂದದಿಂದ ಬಸ್ಸು ಹತ್ತಿ ಬಂದಳು. ಮುಂದಿನ ಸಾಲಿನಲ್ಲಿಯೇ ಕೂರಿಸಿದ್ದೆ. ಅಂದು ಎಂದಿಗಿಂತ ಚೆನ್ನಾಗಿ ಹಾರಿದೆ. ಬಲೆಗೆ ಜಿಗಿದು ಇಳಿದು ಕೈ ಮುಗಿದು ಅವಳ ಕಡೆ ನೋಡಿದರೆ ಕುರ್ಚಿ ಖಾಲಿ. ಬಾಗಿಲ ಕಾವಲುಗಾರನ ಬಳಿ ಅಮೀನಗಡದ ಕರದಂಟಿನ ಪೊಟ್ಟಣವೊಂದನ್ನು ಬಿಟ್ಟು ಅವಳು ಹೊರಟುಹೋಗಿದ್ದಳು.

ಮಗ ಚಡ್ಡಿ ತೊಟ್ಟು ಸಾವಿರ ಜನರ ಮುಂದೆ ಕುಣಿಯುವುದನ್ನು ಕಂಡು ನಾಚಿಕೊಂಡಳೆಂದು ನಾನು ತಿಳಿದೆ. ಅವಳನ್ನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಭುಜದ ಕೀಲು ಕೆಟ್ಟು 1989ರಲ್ಲಿ ಊರಿಗೆ ಮರಳಿ ಕಿರಾಣಿ ಅಂಗಡಿ ಇಟ್ಟ ಮೇಲೂ ಆ ಖಾಲಿ ಕುರ್ಚಿ ನಮ್ಮಿಬ್ಬರ ನಡುವೆ ಇತ್ತು. ಅವಳು 1996ರಲ್ಲಿ ತೀರಿಕೊಂಡಳು.

ಬಾಗಲಕೋಟೆಯಲ್ಲಿ ಆ ಸಂಜೆ ಹಾರಿದವನು ಇಪ್ಪತ್ತರ ಒಳಗಿನ ಹುಡುಗ. ಅವನು ಹಲಗೆ ಬಿಟ್ಟ ಕ್ಷಣದಲ್ಲಿಯೇ ನನಗೆ ತಿಳಿಯಿತು: ಅರ್ಧ ಎಣಿಕೆ ತಡವಾಗಿದೆ. ಕೈಗಳು ಕೈಗಳನ್ನು ಸವರಿ ಹೋದವು. ಡೇರೆಯೆಲ್ಲ “ಹಾ!” ಎಂದಿತು. ಹುಡುಗ ಬೆನ್ನ ಮೇಲೆ ಸರಿಯಾಗಿಯೇ ಬಿದ್ದು, ಪುಟಿದು, ನಕ್ಕು, ಮತ್ತೆ ಹಗ್ಗದ ಏಣಿ ಹತ್ತತೊಡಗಿದ. ಬೀಳುವುದರಲ್ಲಿ ಅಂಥ ಅಪಾಯವೇನೂ ಇರಲಿಲ್ಲವೆಂದು ಆ ಡೇರೆಯಲ್ಲಿ ನನ್ನಷ್ಟು ಬಲ್ಲವರು ಇರಲಿಲ್ಲ.

ಆದರೂ ಅವನು ಎರಡನೆಯ ಸಲ ಹಾರುವಾಗ ನಾನು ನೋಡಲಿಲ್ಲ.

“ಅಜ್ಜಾ, ಕಣ್ಣ ಯಾಕ ಮುಚ್ಚಿ? ತೆರಿ, ತೆರಿ! ಹಿಡದರು!” ಎಂದು ಮೊಮ್ಮಗಳು ತೋಳು ಅಲುಗಿಸಿದಳು. ಕಣ್ಣು ತೆರೆದಾಗ ನಾನು ಕುರ್ಚಿಯ ಅಂಚಿನಲ್ಲಿದ್ದೆ, ಅರ್ಧ ಎದ್ದಿದ್ದೆ. ಹೆಸರರಿಯದ ಪರರ ಮಗನೊಬ್ಬನಿಗಾಗಿ ನನ್ನ ಕಾಲುಗಳು ಬಾಗಿಲ ಕಡೆ ತಿರುಗಿದ್ದವು. ಸಾವಿರ ಎಳೆಗಳನ್ನು ಎವೆಯಿಕ್ಕದೆ ದಿಟ್ಟಿಸಬಲ್ಲ ಹೆಂಗಸೊಬ್ಬಳು ಒಂದೇ ಒಂದನ್ನು ನೋಡಲಾರದೆ ಎದ್ದುಹೋದದ್ದು ಏಕೆಂಬುದು ನಲವತ್ತೇಳು ವರ್ಷಗಳ ಮೇಲೆ ನನಗೆ ಅರ್ಥವಾಯಿತು. ಮೇಲಿದ್ದವನಿಗೆ ಕೆಳಗಿನ ಈ ಭಯ ತಿಳಿದಿರಲಿಲ್ಲ.

ಆಟ ಮುಗಿದ ಮೇಲೆ ಡೇರೆಯ ಹಿಂದೆ ಹೋಗಿ ಹುಡುಗನನ್ನು ಕಂಡೆ. ಅರ್ಧ ಎಣಿಕೆಯ ತಪ್ಪನ್ನು ತಿಳಿಸೋಣವೆಂದು ಹೊರಟಿದ್ದೆ. ಅವನಿಗೆ ಅದು ಆಗಲೇ ತಿಳಿದಿತ್ತು. ಬದಲಿಗೆ, ನಿನ್ನ ತಾಯಿ ಎಂದಾದರೂ ಆಟ ನೋಡಿದ್ದಾಳೆಯೇ ಎಂದು ನನ್ನ ಹಳೆಯ ಹಿಂದಿಯಲ್ಲಿ ಕೇಳಿದೆ. ಇಲ್ಲವೆಂದ, ಮುಂದಿನ ಊರಿಗೆ ಬರುವಳಂತೆ.

“ಬಂದವಳು ನಡುವೆಯೇ ಎದ್ದುಹೋದರೆ ಬೇಸರಿಸಬೇಡ. ಆಟ ಮುಗಿದೊಡನೆ ಹೊರಗೆ ಹೋಗಿ ಹುಡುಕು” ಎಂದೆ.

ಹುಡುಗ ನಕ್ಕು ತಲೆಯಾಡಿಸಿದ. ಮೊಮ್ಮಗಳ ಕೈ ಹಿಡಿದು ನಾನು ಬಸ್ಸು ನಿಲ್ದಾಣದ ಕಡೆ ನಡೆದೆ.