ಮಡಚಿ ಕಟ್ಟಿದ ಲುಂಗಿ

ನಮ್ಮ ಕಡೆ ಗಂಡಸನ್ನು ಗುರುತಿಸಲಿಕ್ಕೆ ಮೀಸೆ ನೋಡಬೇಕಾಗಿಲ್ಲ, ಲುಂಗಿ ನೋಡಿದರೆ ಸಾಕು. ಪುತ್ತೂರು, ಸುಳ್ಯ, ಕಡಬ ಎಲ್ಲಿಗೇ ಹೋಗಿ, ಬ್ಯಾರಿಯಿರಲಿ, ಗೌಡರಿರಲಿ, ಬಂಟರಿರಲಿ, ಲುಂಗಿಯನ್ನು ಮೊಣಕಾಲಿನ ಮೇಲಕ್ಕೆ ಮಡಚಿ ಕಟ್ಟಿದ್ದಾರೆಂದರೆ ಒಂದೋ ಕೆಲಸಕ್ಕೆ ಹೊರಟಿದ್ದಾರೆ, ಇಲ್ಲವೇ ಜಗಳಕ್ಕೆ. ಎದುರಿಗೆ ಉಸ್ತಾದರೋ ಮೇಷ್ಟ್ರೋ ಬಂದರೆ ಆ ಮಡಿಕೆ ತಾನಾಗಿಯೇ ಕೆಳಗಿಳಿಯುತ್ತದೆ. ಮಲಬಾರಿನಲ್ಲಿ ಮುಂಡಿನ ತುದಿ ಎಡಕ್ಕಿದ್ದರೆ ಮುಸ್ಲಿಮ, ಬಲಕ್ಕಿದ್ದರೆ ಹಿಂದೂ ಎಂಬ ಲೆಕ್ಕವಿದೆ. ಮಡಚಿದ ಮೇಲೆ ಮಾತ್ರ ಎಲ್ಲರೂ ಒಂದೇ.

ನನ್ನ ಮೊದಲ ಲುಂಗಿ ಸೊಂಟದಲ್ಲಿ ನಿಲ್ಲುತ್ತಲೇ ಇರಲಿಲ್ಲ. ಮದ್ರಸಕ್ಕೆ ಹೋಗುವಾಗ ಒಂದು ಕೈಯಲ್ಲಿ ಕಿತಾಬು, ಇನ್ನೊಂದು ಕೈಯಲ್ಲಿ ಲುಂಗಿ. ಕಡೆಗೆ ಬಾಪ ತಮ್ಮ ಹಳೆಯ ಅಗಲದ ಹಸಿರು ಬೆಲ್ಟನ್ನು ನನಗೆ ಎರಡು ಸುತ್ತು ಸುತ್ತಿ ಕಟ್ಟಿದರು. ಮಾನ ಉಳಿಯಿತು.

ಬಾಪ ಅಡಿಕೆ ಮರ ಹತ್ತುವ ಕೆಲಸದವರು. ಕಾಲಿಗೆ ತಳೆ ಹಾಕಿ ಮೇಲೇರಿದರೆ, ಒಂದು ಮರದ ತುದಿಯಿಂದ ಇನ್ನೊಂದಕ್ಕೆ ತೂಗಿಕೊಂಡು ದಾಟುತ್ತಿದ್ದರೇ ಹೊರತು ಬೇಗ ನೆಲಕ್ಕೆ ಇಳಿಯುತ್ತಿರಲಿಲ್ಲ. ಮಳೆ ಹಿಡಿಯುವ ಮೊದಲು ಕೊಳೆರೋಗಕ್ಕೆ ಮದ್ದು ಬಿಡುವ ಕೆಲಸ. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಆ ದಿನಗಳಲ್ಲಿ ಬಾಪನ ಅಂಗಿ, ಲುಂಗಿ, ಕಿವಿ ಎಲ್ಲ ನೀಲಿ. ಒಮ್ಮೆ ನನ್ನನ್ನೂ ಹತ್ತಿಸಿದರು. ಅರ್ಧ ಹತ್ತಿ ಕೆಳಗೆ ನೋಡಿದೆ. ಅಷ್ಟೇ. ಮರವನ್ನು ತಬ್ಬಿಕೊಂಡು ಉಮ್ಮನನ್ನು ಕರೆದು ಅತ್ತೆ. ಬಾಪ ಪಕ್ಕದ ಮರ ಹತ್ತಿ ಬಂದು, ಕಾಲಿಡುವ ಜಾಗ ಒಂದೊಂದನ್ನೇ ತೋರಿಸಿ ಇಳಿಸಿದರು. ಮನೆಗೆ ಬಂದು ಉಮ್ಮನಿಗೆ ಹೇಳಿದ್ದು ಒಂದೇ ಮಾತು: ‘ಇವನನ್ನು ಓದಿಸುವ. ಇವನಿಂದ ಇದು ಆಗುವ ಹಾಗೆ ಕಾಣುವುದಿಲ್ಲ.’ ಹಾಗೆ, ಅಡಿಕೆ ಮರದ ಹೆದರಿಕೆಯಿಂದ ನಾನು ಬಿ.ಕಾಂ. ಪಾಸು ಮಾಡಿದೆ.

ಆಮೇಲೆ ದುಬೈ. ಅಲ್ಲಿ ಹದಿನಾರು ವರ್ಷ ಲೆಕ್ಕ ಬರೆದೆ. ರೂಮಿನಲ್ಲಿ ನಾವು ಆರು ಜನ, ಅಡುಗೆ ಸರದಿಯ ಮೇಲೆ. ನನ್ನ ಮೀನುಸಾರಿಗೆ ಪಕ್ಕದ ರೂಮಿನವರೂ ತಟ್ಟೆ ಹಿಡಿದು ಬರುತ್ತಿದ್ದರು. ಆದರೆ ರಜೆಯಲ್ಲಿ ಬಜ್ಪೆಯಲ್ಲಿ ವಿಮಾನ ಇಳಿಯುತ್ತಲೇ ನನಗೆ ಅಡುಗೆ ಮರೆತುಹೋಗುತ್ತಿತ್ತು. ಮನೆಯಲ್ಲಿ ಒಂದು ಲೋಟ ನೀರಿಗೂ ‘ಇದಾ...’ ಎಂದು ಕರೆಯುತ್ತಿದ್ದೆ. ಸಮುದ್ರ ದಾಟುವಾಗ ಆ ವಿದ್ಯೆ ಎಲ್ಲಿ ಬಿದ್ದುಹೋಗುತ್ತಿತ್ತೋ!

2020ರಲ್ಲಿ ಕೋವಿಡ್ ಬಂತು, ಕೆಲಸ ಹೋಯಿತು, ವಂದೇ ಭಾರತ್ ವಿಮಾನದಲ್ಲಿ ಊರಿಗೆ ಬಂದೆ. ಹೆಂಡತಿ ಪುತ್ತೂರಿನ ಹೈಸ್ಕೂಲೊಂದರಲ್ಲಿ ಟೀಚರು. ಅವಳ ತವರು ಸುಳ್ಯದ ಕಡೆ. ಸಂಪಾಜೆ, ಅರಂತೋಡು ಕಡೆಯ ಎಷ್ಟೋ ತೋಟಗಳನ್ನು ತಿಂದ ಹಳದಿ ಎಲೆ ರೋಗ ಅವಳ ತಂದೆಯ ತೋಟವನ್ನೂ ಬಿಡಲಿಲ್ಲ. ‘ತೋಟ ನಂಬಬೇಡ ಮಗಳೇ, ಓದು’ ಎಂದು ಅವರು ಹೇಳಿದ್ದರಂತೆ. ಆ ಮಾತಿನ ಬಲದಿಂದ ಈಗ ನಮ್ಮ ಮನೆ ನಡೆಯುತ್ತಿತ್ತು. ಶಾಲೆ ತೆರೆದ ಮೇಲೆ ಅವಳು ಏಳೂವರೆಯ ಬಸ್ಸಿಗೆ ಹೊರಟರೆ ಒಲೆ ನನಗೆ.

ನೀರುದೋಸೆ ಎರಡು ವಾರದಲ್ಲಿ ಒಲಿಯಿತು. ಕಷ್ಟವಾದದ್ದು ಬೂತಾಯಿ. ಮೀನಿನ ತೊಟ್ಟೆಯನ್ನು ಜಗಲಿಯವರೆಗೆ ತರುವುದು ಗಂಡಸಿನ ಕೆಲಸ, ಅಲ್ಲಿಂದ ಒಳಗೆ ಅದು ಹೆಂಗಸರದ್ದು. ನಡುವೆ ಹದಿನೈದು ಹೆಜ್ಜೆ, ಅಷ್ಟೆ. ಒಂದು ದಿನ ಹಿತ್ತಲಲ್ಲಿ ಮೆಟ್ಟುಕತ್ತಿಯ ಮೇಲೆ ಕೂತಿದ್ದಾಗ ನೆರೆಯವರು ಬಂದರು. ಕತ್ತಿಯನ್ನು ಬುಟ್ಟಿಯ ಅಡಿಗೆ ನೂಕಿ ಎದ್ದೆ. ಆದರೆ ವಾಸನೆಯನ್ನು ಯಾವ ಬುಟ್ಟಿಯ ಅಡಿಗೆ ನೂಕುವುದು?

‘ಏನು, ಟೀಚರಿಗೆ ಜ್ವರವಾ?’ ಎಂದರು.

‘ಹೌದು’ ಎಂದುಬಿಟ್ಟೆ.

ಒಂದು ಸುಳ್ಳು ಹೇಳಿದ ಮೇಲೆ ಅದನ್ನು ಸಾಕಬೇಕಲ್ಲ! ಬಟ್ಟೆ ಒಣಗಿಸುವಾಗ ಒಬ್ಬರು ನೋಡಿದರು, ಅಂಗಳ ಗುಡಿಸುವಾಗ ಇನ್ನೊಬ್ಬರು. ಪ್ರತಿಸಲವೂ ಅವಳಿಗೆ ಜ್ವರ. ಜುಮಾದ ಪ್ರಸಂಗದಲ್ಲಿ ಉಸ್ತಾದರು, ಪ್ರವಾದಿಯವರು ತಮ್ಮ ಬಟ್ಟೆಯನ್ನು ತಾವೇ ಹೊಲಿಯುತ್ತಿದ್ದರು, ಚಪ್ಪಲಿಯನ್ನು ತಾವೇ ಸರಿಪಡಿಸುತ್ತಿದ್ದರು, ಮನೆಗೆಲಸದಲ್ಲಿ ಕೈಜೋಡಿಸುತ್ತಿದ್ದರು ಎಂದಾಗ ನಾವೆಲ್ಲ ತಲೆ ಆಡಿಸಿದೆವು. ನಾನು ಎಲ್ಲರಿಗಿಂತ ಜಾಸ್ತಿಯೇ ಆಡಿಸಿದೆ. ಮನೆಗೆ ಬಂದು, ಹಿತ್ತಲ ಬಾಗಿಲು ಹಾಕಿಕೊಂಡು ಪಾತ್ರೆ ತೊಳೆದೆ.

ಒಂದು ಸಂಜೆ ಅವಳು ಬಂದವಳೇ ಬ್ಯಾಗು ಇಟ್ಟು ಕೂತಳು. ಬಸ್‌ಸ್ಟ್ಯಾಂಡಿನಲ್ಲಿ ಯಾರೋ ‘ಜ್ವರ ಕಮ್ಮಿಯಾಯಿತಾ ಟೀಚರ್? ಎರಡು ತಿಂಗಳಾಯಿತಲ್ಲ, ಮಂಗಳೂರಿಗೆ ಹೋಗಿ ತೋರಿಸಿ’ ಎಂದರಂತೆ. ಅವಳು ಬೈಯಲಿಲ್ಲ. ‘ನಿಮ್ಮ ಮರ್ಯಾದೆ ಉಳಿಯಲಿಕ್ಕೆ ನಾನಿನ್ನು ಎಷ್ಟು ದಿನ ಕಾಯಿಲೆ ಬೀಳಬೇಕು?’ ಎಂದು ಕೇಳಿದಳು, ಅಷ್ಟೆ. ಲೆಕ್ಕ ಬರೆದೇ ಬದುಕಿದ ನನ್ನಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಆ ರಾತ್ರಿ ನಿದ್ದೆಯೂ ಬರಲಿಲ್ಲ.

ಬಂಟ್ವಾಳ ತಾಲೂಕಿನ ಕೋಮಲೆ ಗಣಪತಿ ಭಟ್ಟರು ಅಡಿಕೆ ಮರ ಏರುವ ಬೈಕು ಮಾಡಿದ್ದಾರಲ್ಲ, 2019ರಲ್ಲಿ ಅದರ ವಿಡಿಯೊ ದೇಶವೆಲ್ಲ ಓಡಾಡಿತ್ತು. ಅದರಲ್ಲಿ ಅವರ ಮಗಳೇ ಬೈಕಿನಲ್ಲಿ ಕೂತು ಸರ್ರನೆ ಮರದ ತುದಿಗೆ ಹೋಗುತ್ತಾಳೆ. ಆ ದಿನಗಳಲ್ಲೇ ಒಮ್ಮೆ ಬಾಪನಿಗೆ ತೋರಿಸಿದೆ. ತುಂಬ ನಕ್ಕರು. ಈಗ ಕಾರ್ಬನ್ ಫೈಬರ್ ದೋಟಿಯಿಂದ ನೆಲದಲ್ಲೇ ನಿಂತು ಕೊನೆ ಇಳಿಸುತ್ತಾರೆ ಎಂದೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರೆಂದರು: ‘ನಾನು ಮರ ಹತ್ತಿದ್ದು ಗಂಡಸು ಅಂತ ತೋರಿಸಲಿಕ್ಕಲ್ಲ, ಮನೆಯಲ್ಲಿ ಅಕ್ಕಿ ಇರಲಿಲ್ಲ. ಹೆದರಿಕೆ ನನಗೂ ಇತ್ತು. ಕರೆದು ಅಳಲಿಕ್ಕೆ ಮಾತ್ರ ಯಾರೂ ಇರಲಿಲ್ಲ.’

ನಮ್ಮ ಮನೆ ಮೊದಲು ಪುತ್ತೂರು ತಾಲೂಕಿನಲ್ಲಿತ್ತು, ಈಗ ಕಡಬ ತಾಲೂಕಿನಲ್ಲಿದೆ. ಮನೆ ಒಂದಿಂಚೂ ಕದಲಿಲ್ಲ, ಗಡಿ ಸರಿಯಿತು. ಗಂಡಸುತನದ ಗಡಿಯನ್ನೂ ಯಾರೋ ಹೀಗೇ ಎಳೆದಿರಬೇಕು. ನಾವು ಅದನ್ನು ಮೇಲಿನಿಂದಲೇ ಬಂದದ್ದೆಂದು ತಿಳಿದು ಕಾವಲು ಕಾಯುತ್ತೇವೆ.

ಮರುವರ್ಷ ಬಾಪನಿಗೆ ಪಾರ್ಶ್ವವಾಯು ಬಡಿದು ಬಲಗೈ ಸೋತಿತು. ಅಷ್ಟು ಮರಗಳನ್ನು ಹಿಡಿದ ಕೈಗೆ ಲುಂಗಿಯ ಗಂಟು ಹಿಡಿಯಲಾಗಲಿಲ್ಲ. ಮೀಯಿಸಿ ಲುಂಗಿ ಉಡಿಸುವ ಕೆಲಸ ನನ್ನದಾಯಿತು. ಮೊದಲ ದಿನಗಳಲ್ಲಿ ಇಬ್ಬರೂ ಎರಡು ಕಡೆ ಮುಖ ಮಾಡಿ ನಿಲ್ಲುತ್ತಿದ್ದೆವು. ಒಂದು ಬೆಳಿಗ್ಗೆ, ಹಿಂದೆ ಜೊತೆಗೆ ಮರ ಹತ್ತುತ್ತಿದ್ದ ಗೌಡರು ನೋಡಲು ಬರುತ್ತಾರೆಂದು ತಿಳಿದಾಗ ಬಾಪ ಮೆಲ್ಲ ಹೇಳಿದರು: ‘ಇವತ್ತು ಸ್ವಲ್ಪ ಮೇಲೆ ಮಡಚಿ ಕಟ್ಟು.’

ಮಡಚಿ ಕಟ್ಟಿ ಜಗಲಿಯಲ್ಲಿ ಕೂರಿಸಿದೆ. ಗೌಡರು ಬಂದಾಗ ನಾನು ಹಿತ್ತಲಲ್ಲಿ ಬೂತಾಯಿ ಕೊಯ್ಯುತ್ತಿದ್ದೆ. ಕೈ ತೊಳೆಯಲಿಲ್ಲ, ಕತ್ತಿಯನ್ನೂ ಅಡಗಿಸಲಿಲ್ಲ.

‘ಟೀಚರಿಗೆ ಹುಷಾರಿಲ್ಲವಾ?’ ಎಂದು ಅವರೂ ಕೇಳಿದರು.

‘ಹುಷಾರಿದ್ದಾಳೆ. ಶಾಲೆಗೆ ಹೋಗಿದ್ದಾಳೆ. ನಮ್ಮಲ್ಲಿ ಅಡುಗೆ ನನ್ನದು’ ಎಂದೆ.

ಜಗಲಿಯಿಂದ ಬಾಪನ ಸ್ವರ ಕೇಳಿತು: ‘ಗೌಡ್ರೇ, ಊಟ ಮಾಡಿಕೊಂಡೇ ಹೋಗಿ. ಮೀನುಸಾರು ಅಡ್ಡಿಯಿಲ್ಲ. ಉಪ್ಪು ಹಾಕುವಾಗ ಮಾತ್ರ ಅವನ ಕೈ ಒಂಚೂರು ಉದಾರ!’