ಜಗಲಿಯಿಲ್ಲದ ಮನೆಗಳು

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬುದು ನಮ್ಮ ಹಿರಿಯರ ಎಚ್ಚರಿಕೆಯ ಮಾತು. ಧರ್ಮಗುರುವಾದ ನನಗೆ ಈ ಎರಡರಲ್ಲಿ ಒಂದನ್ನೂ ನನಗಾಗಿ ಮಾಡಿಕೊಳ್ಳುವ ಅವಕಾಶವಿಲ್ಲ. ಆದರೆ ಅನ್ಯರ ಮದುವೆಗಳನ್ನು ನೆರವೇರಿಸಿದ ಹಾಗೆಯೇ ಅನ್ಯರ ಹೊಸ ಮನೆಗಳನ್ನೂ ಆಶೀರ್ವದಿಸುತ್ತ ಬಂದಿದ್ದೇನೆ. ಒಮ್ಮೆ ಸಭಾಭವನ, ಮತ್ತೊಮ್ಮೆ ಗುರುನಿವಾಸದ ದುರಸ್ತಿ ಎಂದು ಮೇಸ್ತ್ರಿಯ ಪಕ್ಕದಲ್ಲಿ ನಿಂತು ಜಲ್ಲಿ, ಮರಳು, ಕಬ್ಬಿಣಗಳ ಲೆಕ್ಕ ಬರೆದದ್ದೂ ಉಂಟು. ಇವೆಲ್ಲದರ ಫಲವೋ ಏನೋ, ಮನೆ, ಅದರ ವಿನ್ಯಾಸ ಮತ್ತು ಅದರೊಳಗಿನ ಬಾಳುವೆಯ ಕುರಿತು ಓದುವ ಹವ್ಯಾಸವೊಂದು ಗುರುಮಠದ ದಿನಗಳಿಂದಲೇ ನನಗೆ ಅಂಟಿಕೊಂಡಿದೆ. ಭಾನುವಾರದ ಮಧ್ಯಾಹ್ನ ಊಟವಾದ ಮೇಲೆ ಸಿಗುವ ಒಂದು ಗಂಟೆಯ ಬಿಡುವು ಇಂಥ ಓದಿಗೇ ಮೀಸಲು. 'ಸ್ವಂತ ಮನೆಯಿಲ್ಲದವರಿಗೆ ಮನೆಯ ಚಿಂತೆ ಹೆಚ್ಚು' ಎಂದು ಸಹಗುರುಗಳೊಬ್ಬರು ಹಾಸ್ಯ ಮಾಡುವುದುಂಟು.

ಒಳಾಂಗಣ ವಿನ್ಯಾಸದ ಬಣ್ಣಬಣ್ಣದ ಪತ್ರಿಕೆಗಳನ್ನೂ ನಾನು ನೋಡುತ್ತೇನೆ. ಕಣ್ಣಿಗೆ ಅವು ಹಬ್ಬವೇ ಸರಿ. ಆದರೆ ಹಲವಾರು ವರ್ಷ ನೋಡಿದ ಮೇಲೆ ಒಂದು ಸಂಗತಿ ನನ್ನ ಗಮನಕ್ಕೆ ಬಂತು. ಆ ಚಿತ್ರಗಳಲ್ಲಿ ಮನುಷ್ಯರು ಇರುವುದೇ ಅಪರೂಪ. ಸೋಫಾದ ಮೇಲೆ ದಿಂಬುಗಳಿವೆ, ಒರಗಿದವರಿಲ್ಲ. ಅಡುಗೆಮನೆಯಲ್ಲಿ ಹೊಳೆಯುವ ಕಲ್ಲಿನ ಕಟ್ಟೆಯಿದೆ, ಒಗ್ಗರಣೆಯ ಹೊಗೆಯಿಲ್ಲ. ಮಾತ್ರೆಗಳ ಡಬ್ಬಿ, ಶಾಲೆಯ ಚೀಲ, ಒದ್ದೆ ಬಟ್ಟೆ, ಊರುಗೋಲು ಇವಾವುವೂ ಅಲ್ಲಿ ಕಾಣಸಿಗುವುದಿಲ್ಲ. ನೋಡಿ ಮುಗಿಸಿದಾಗ ಮನಸ್ಸಿನಲ್ಲಿ ಉಳಿಯುವುದು ಆಸೆ, ಜೊತೆಗೆ ನಮ್ಮ ಮನೆ ಹೀಗಿಲ್ಲವಲ್ಲ ಎಂಬ ಸಣ್ಣ ಕೊರಗು. ಆದ್ದರಿಂದ ನಾನು ಮತ್ತೆ ಮತ್ತೆ ಕೈಗೆತ್ತಿಕೊಳ್ಳುವ ಬರಹಗಳು ಬೇರೆಯೇ ಇವೆ. ಅವುಗಳಲ್ಲಿ ಚಿತ್ರಗಳು ಕಡಿಮೆ, ಜನರು ಹೆಚ್ಚು. ಅಂಥ ಕೆಲವನ್ನು ಓದುಗ ಮಿತ್ರರೊಡನೆ ಹಂಚಿಕೊಳ್ಳುವ ಆಸೆ ನನ್ನದು.

ಮೊದಲನೆಯವರು ಲಾರಿ ಬೇಕರ್. 1917ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿ, 2007ರಲ್ಲಿ ತಿರುವನಂತಪುರದಲ್ಲಿ ತೀರಿಕೊಂಡ ಈ ವಾಸ್ತುಶಿಲ್ಪಿ ಕುಷ್ಠರೋಗಿಗಳ ಸೇವೆಯ ಕಾರ್ಯದ ನಿಮಿತ್ತ ಭಾರತಕ್ಕೆ ಬಂದು ಇಲ್ಲಿಯವರೇ ಆದರು. 1940ರ ದಶಕದಲ್ಲಿ ಊರಿಗೆ ಹೊರಡುವ ಹಡಗಿಗಾಗಿ ಮುಂಬಯಿಯಲ್ಲಿ ಕಾಯುತ್ತಿದ್ದಾಗ ಅವರಿಗೆ ಗಾಂಧೀಜಿಯವರ ಭೇಟಿಯಾಯಿತು. ಮನೆ ಕಟ್ಟುವ ಸಾಮಗ್ರಿಯೆಲ್ಲ ಸುತ್ತಲಿನ ಐದು ಮೈಲಿಯೊಳಗೇ ದೊರೆಯುವಂತಿರಬೇಕು ಎಂಬ ಗಾಂಧೀಜಿಯವರ ವಿಚಾರ ತಮ್ಮನ್ನು ಬಹಳವಾಗಿ ಪ್ರಭಾವಿಸಿತೆಂದು ಬೇಕರ್ ಮುಂದೆ ಬರೆದಿದ್ದಾರೆ. ಸಾಮಾನ್ಯ ಜನರಿಗಾಗಿ ಅವರು ಬರೆದ ಕಿರುಹೊತ್ತಗೆಗಳು ಒಂದು ವಿಶೇಷ. ಸ್ವಂತ ಕೈಬರಹ, ಸ್ವಂತ ರೇಖಾಚಿತ್ರ, ನಡುನಡುವೆ ತುಂಟ ನಗು. ಇಟ್ಟಿಗೆಯನ್ನು ಮಲಗಿಸುವ ಬದಲು ಅಂಚಿನ ಮೇಲೆ ನಿಲ್ಲಿಸಿ, ಗೋಡೆಯ ನಡುವೆ ಪೊಳ್ಳು ಬಿಟ್ಟು ಕಟ್ಟಿದರೆ ಸುಮಾರು ಕಾಲು ಭಾಗದಷ್ಟು ಇಟ್ಟಿಗೆ ಉಳಿಯುತ್ತದೆ. ಒಳಗಿನ ಗಾಳಿಯ ಪದರದಿಂದ ಮನೆ ತಂಪಾಗಿಯೂ ಇರುತ್ತದೆ ಎಂಬುದನ್ನು ಅವರು ಮಕ್ಕಳಿಗೂ ಅರ್ಥವಾಗುವಂತೆ ಬಿಡಿಸಿ ತೋರಿಸುತ್ತಾರೆ.

ಬೇಕರ್ ನಮ್ಮ ಕರಾವಳಿಯ ಹಂಚಿಗೂ ಹೊಸ ಬದುಕು ಕೊಟ್ಟರು. 1865ರಲ್ಲಿ ಬಾಸೆಲ್ ಮಿಷನಿನವರು ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿಯ ದಡದಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ 'ಮಂಗಳೂರು ಹಂಚು' ದೇಶವಿದೇಶಗಳ ಮಾಡುಗಳನ್ನು ಏರಿತು. ತಾರಸಿಯ ಕಾಲ ಬಂದಾಗ ಅದೇ ಹಂಚು ಹಿತ್ತಲಿನಲ್ಲಿ ರಾಶಿ ಬಿತ್ತು. ತಾರಸಿಯ ಕೆಳಭಾಗದಲ್ಲಿ ಎಳೆತವನ್ನು ತಡೆಯುವುದು ಕಬ್ಬಿಣವೇ ಹೊರತು ಕಾಂಕ್ರೀಟಲ್ಲ. ಹಾಗಿರುವಾಗ ಸರಳುಗಳ ನಡುವಿನ ಜಾಗಕ್ಕೆ ದುಬಾರಿ ಕಾಂಕ್ರೀಟಿನ ಬದಲು ಹಳೆಯ ಹಂಚನ್ನು ಇಟ್ಟರಾಗದೇ ಎಂಬುದು ಬೇಕರರ ವಾದ. ಹಾಗೆ ಮಾಡಿದಾಗ ಭಾರ ಕಡಿಮೆ, ಖರ್ಚು ಕಡಿಮೆ, ಸೆಖೆಯೂ ಕಡಿಮೆ. ಬಿಸಾಡಿದ್ದನ್ನು ಮತ್ತೆ ಎತ್ತಿಕೊಂಡು ಗೌರವದ ಸ್ಥಾನದಲ್ಲಿ ಕೂರಿಸುವ ಈ ಬುದ್ಧಿ ನನಗೆ ಬಹಳ ಪ್ರಿಯ. ತಿರುವನಂತಪುರಕ್ಕೆ ಹೋದವರು ಅವರು ಕಟ್ಟಿದ ಲೊಯೋಲಾ ಪ್ರಾರ್ಥನಾಲಯವನ್ನು ನೋಡಬೇಕು. ಇಟ್ಟಿಗೆಯ ಜಾಲಂಧ್ರಗಳ ಮೂಲಕ ಸೋಸಿ ಬರುವ ಬೆಳಕಿಗಿಂತ ಬೇರೆ ಅಲಂಕಾರ ಅಲ್ಲಿ ಬೇಕೆನಿಸುವುದಿಲ್ಲ.

ಎರಡನೆಯದು ಒಂದು ಸರಕಾರಿ ವರದಿ ಎಂದರೆ ನೀವು ನಕ್ಕೀರಿ. ಅಮೆರಿಕದ ವಿನ್ಯಾಸಕಾರ ದಂಪತಿಗಳಾದ ಚಾರ್ಲ್ಸ್ ಮತ್ತು ರೇ ಈಮ್ಸ್ ನಮ್ಮ ಸರಕಾರದ ಆಹ್ವಾನದ ಮೇರೆಗೆ ದೇಶವನ್ನು ಸುತ್ತಿ 1958ರಲ್ಲಿ ಒಪ್ಪಿಸಿದ 'ಇಂಡಿಯಾ ರಿಪೋರ್ಟ್' ಅದು. ಅದರ ಸಲಹೆಯನ್ನು ಅನುಸರಿಸಿಯೇ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಸ್ಥಾಪನೆಯಾಯಿತು. ಅರಮನೆ, ಗೋಪುರಗಳನ್ನೆಲ್ಲ ಕಂಡ ಆ ದಂಪತಿಗಳು ಅತ್ಯಂತ ಮೆಚ್ಚಿದ ವಸ್ತು ಯಾವುದು ಗೊತ್ತೇ? ನಮ್ಮ ನೀರಿನ ಚೊಂಬು! ಅದು ಕೈಗೆ ಹೇಗೆ ಒಗ್ಗುತ್ತದೆ, ಸೊಂಟಕ್ಕೆ ಹೇಗೆ ಹೊಂದುತ್ತದೆ, ತುಂಬಿದಾಗಲೂ ಬರಿದಾದಾಗಲೂ ಹೇಗೆ ತೂಗುತ್ತದೆ, ಒಳಗೆ ಕೈಹಾಕಿ ತೊಳೆಯಲು ಬರುತ್ತದೆಯೇ, ಬಿಸಿಲಿನಲ್ಲಿ ಮುಟ್ಟಿದರೆ ಹೇಗಿರುತ್ತದೆ, ಹೀಗೆ ಸಾಲುಸಾಲಾಗಿ ಅವರು ಯೋಚಿಸುತ್ತ ಹೋಗುತ್ತಾರೆ. ಕೊನೆಗೆ ಇದನ್ನು ಒಬ್ಬ ವ್ಯಕ್ತಿ ರೂಪಿಸಿರಲಾರ, ತಲೆತಲಾಂತರದ ಎಷ್ಟೋ ಮಂದಿ ಸೇರಿ ತಿದ್ದುತ್ತ ಬಂದಿದ್ದಾರೆ ಎಂಬ ತೀರ್ಮಾನಕ್ಕೆ ಬರುತ್ತಾರೆ. ಇದನ್ನು ಓದಿದಂದಿನಿಂದ ನಮ್ಮ ಅಡುಗೆಮನೆಯ ಹಿತ್ತಾಳೆಯ ಚೊಂಬನ್ನು ನಾನು ನೋಡುವ ರೀತಿಯೇ ಬದಲಾಗಿದೆ.

ಮೂರನೆಯದು ಜಪಾನಿನ ಲೇಖಕ ಜುನಿಚಿರೊ ತಾನಿಜಾಕಿಯವರು 1933ರ ಸುಮಾರಿಗೆ ಬರೆದ, ನೆರಳನ್ನು ಕೊಂಡಾಡುವ ಪ್ರಬಂಧ. ಹಳೆಯ ಮಾದರಿಯ ಮನೆ ಕಟ್ಟಲು ಹೊರಟವನು ವಿದ್ಯುತ್ ತಂತಿ, ಅನಿಲದ ಕೊಳವೆಗಳನ್ನು ಎಲ್ಲಿ ಅಡಗಿಸುವುದೆಂದು ಒದ್ದಾಡುವ ಮಾತಿನಿಂದಲೇ ಅದು ಆರಂಭವಾಗುತ್ತದೆ. ಮೂಲೆಮೂಲೆಗೂ ದೀಪ ಹಚ್ಚಿ ಬೆಳಗಿಸಿದ ಮನೆಯಲ್ಲಿ ನಾವು ಕಳೆದುಕೊಂಡದ್ದೇನು ಎಂಬುದೇ ಅವರ ಚಿಂತನೆ. ಅರೆಗತ್ತಲಲ್ಲಿ ಮಿನುಗುವ ಪಾತ್ರೆಯ ಅಂದವನ್ನು ಅವರು ವರ್ಣಿಸುವಾಗ ನನಗೆ ನನ್ನ ಬಾಲ್ಯದ ಚಾವಡಿ ಕಣ್ಣಮುಂದೆ ನಿಲ್ಲುತ್ತದೆ. ಮಾಡಿನ ಗಾಜಿನ ಹಂಚೊಂದರಿಂದ ಇಳಿದ ಬಿಸಿಲಿನ ಕೋಲು, ಅದರೊಳಗೆ ತೇಲುವ ಧೂಳಿನ ಕಣಗಳು, ಕೆಂಪು ಕಾವಿಯ ನೆಲದ ತಂಪು. ಆದರೆ ಹಳೆಯದನ್ನು ಹೊಗಳುವವರು ಒಂದು ಮಾತು ನೆನಪಿಡಬೇಕು. ಈ ಪ್ರಬಂಧವನ್ನು ಓದಿ ಬಂದ ವಾಸ್ತುಶಿಲ್ಪಿಯೊಬ್ಬ 'ತಮಗೆ ಎಂಥ ಮನೆ ಬೇಕೆಂದು ನಾನು ಬಲ್ಲೆ' ಎಂದಾಗ, ಅಂಥ ಮನೆಯಲ್ಲಿ ತಾನು ಬಾಳಲಾರೆ ಎಂದು ತಾನಿಜಾಕಿಯವರೇ ಉತ್ತರಿಸಿದರಂತೆ! ಹೊಗೆ ತುಂಬಿದ ಆ ಹಳೆಯ ಅಡುಗೆಮನೆಗಳಲ್ಲಿ ಕೆಮ್ಮುತ್ತ ಬೆಂದವರು ನಮ್ಮ ತಾಯಂದಿರು ಎಂಬುದನ್ನು ನಾವೂ ಮರೆಯಬಾರದು.

ವಸ್ತುಗಳು ಮನೆಯನ್ನೂ ಮನಸ್ಸನ್ನೂ ತುಂಬಿಕೊಳ್ಳುವ ಬಗೆಯನ್ನು ಕುರಿತು ಹೆನ್ರಿ ಡೇವಿಡ್ ಥೋರೋ ಬರೆದುದನ್ನು ಮೀರಿಸಿದವರು ವಿರಳ. 1845ರಲ್ಲಿ ವಾಲ್ಡನ್ ಕೊಳದ ದಡದಲ್ಲಿ ಅವನು ಕಟ್ಟಿಕೊಂಡ ಗುಡಿಸಲು ಹತ್ತು ಅಡಿ ಅಗಲ, ಹದಿನೈದು ಅಡಿ ಉದ್ದದ್ದು. ತಗುಲಿದ ವೆಚ್ಚ 28 ಡಾಲರು, 12½ ಸೆಂಟು. ಅವನ ಮೇಜಿನ ಮೇಲೆ ಮೂರು ಸುಣ್ಣಕಲ್ಲಿನ ತುಂಡುಗಳಿದ್ದವಂತೆ. ಅವುಗಳ ಧೂಳನ್ನು ನಿತ್ಯವೂ ಒರೆಸಬೇಕೆಂದು ಅರಿವಾದೊಡನೆ ಅವನು ಅವನ್ನು ಕಿಟಕಿಯಿಂದಾಚೆ ಎಸೆದುಬಿಟ್ಟ. ನಮ್ಮ ಕಾಲದಲ್ಲಿ ಜಪಾನಿನ ಮಾರಿ ಕೊಂಡೊ ಅವರು ಮನೆ ಅಚ್ಚುಕಟ್ಟುಗೊಳಿಸುವ ಬಗ್ಗೆ ಬರೆದ ಪುಸ್ತಕ ಜಗತ್ತಿನಾದ್ಯಂತ ಹೆಸರಾಯಿತು. ಅದೇ ಕೊಂಡೊ ಮೂರು ಮಕ್ಕಳ ತಾಯಿಯಾದ ಮೇಲೆ, 2023ರಲ್ಲಿ, ಅಚ್ಚುಕಟ್ಟುತನದ ಹಟವನ್ನು ಬಹುಮಟ್ಟಿಗೆ ಕೈಬಿಟ್ಟಿರುವುದಾಗಿಯೂ ಮಕ್ಕಳೊಡನೆ ಕಳೆಯುವ ಸಮಯವೇ ತಮಗೆ ಮುಖ್ಯವೆಂದೂ ಹೇಳಿಕೊಂಡರು. ಎಳೆಯ ಮಕ್ಕಳಿರುವ ನಮ್ಮ ತಾಯಂದಿರಿಗೆ ಈ ಮಾತು ಸ್ವಲ್ಪ ಸಮಾಧಾನ ತಂದೀತು.

ಕೊನೆಯದಾಗಿ, ನನ್ನ ಮೇಜನ್ನು ಬಿಟ್ಟು ಕದಲದ ಒಂದು ದಪ್ಪ ಗ್ರಂಥ. ಕ್ರಿಸ್ಟೋಫರ್ ಅಲೆಕ್ಸಾಂಡರ್ ಮತ್ತು ಸಂಗಡಿಗರು 1977ರಲ್ಲಿ ಹೊರತಂದ 'ಎ ಪ್ಯಾಟರ್ನ್ ಲ್ಯಾಂಗ್ವೇಜ್'. ಸಾವಿರಕ್ಕೂ ಮಿಕ್ಕಿದ ಪುಟಗಳಲ್ಲಿ 253 ವಿನ್ಯಾಸ ಸೂತ್ರಗಳಿವೆ. ಪ್ರತಿ ಕೋಣೆಗೂ ಎರಡು ಕಡೆಗಳಿಂದ ಬೆಳಕು ಬರಲಿ. ಒಂದೇ ಕಡೆಯಿಂದ ಬಂದರೆ ಎದುರಿಗಿರುವವರ ಮುಖಭಾವ ಸರಿಯಾಗಿ ಕಾಣದು ಎನ್ನುತ್ತದೆ ಒಂದು. ಆರು ಅಡಿಗಿಂತ ಕಿರಿದಾದ ಬಾಲ್ಕನಿಯಲ್ಲಿ ಜನ ಕೂರುವುದೇ ಇಲ್ಲ ಎನ್ನುತ್ತದೆ ಇನ್ನೊಂದು. ವೃದ್ಧರ ವಾಸ ನೆಲಮಟ್ಟದಲ್ಲಿರಲಿ, ದಾರಿಗೆ ಹತ್ತಿರವಿರಲಿ, ಬಾಗಿಲಿನ ಹೊರಗೆ ಕುಳಿತು ಹೋಗಿಬರುವವರನ್ನು ನೋಡಲು ಒಂದು ಬೆಂಚು ಇರಲಿ ಎಂದೂ ಅದರಲ್ಲಿ ಬರೆದಿದೆ.

ಈ ಬೆಂಚಿನ ಪುಟಕ್ಕೂ ನನಗೂ ಒಂದು ನಂಟಿದೆ. ಹಲವು ವರ್ಷಗಳ ಹಿಂದೆ ಕರಾವಳಿಯ ಧರ್ಮಕೇಂದ್ರವೊಂದರಲ್ಲಿ ನಾನಿದ್ದಾಗ, ಕೊಲ್ಲಿ ದೇಶದಲ್ಲಿ ದುಡಿಯುತ್ತಿದ್ದ ಒಬ್ಬರು ಹಳೆಯ ಹಂಚಿನ ಮನೆಯನ್ನು ಕೆಡವಿ ಎರಡಂತಸ್ತಿನ ಮನೆ ಕಟ್ಟಿಸಿದರು. ಹಾಲುಬಿಳುಪಿನ ನೆಲ, ಚಿತ್ತಾರದ ಚಾವಣಿ, ತಾಯಿಗಾಗಿ ಸ್ನಾನಗೃಹವಿರುವ ಪ್ರತ್ಯೇಕ ಕೋಣೆ. ಮನೆ ಆಶೀರ್ವಾದವಾದ ಕೆಲವು ವಾರಗಳ ಬಳಿಕ ಆ ತಾಯಿಯನ್ನು ನೋಡಲು ಹೋದೆ. ಎಂಬತ್ತು ದಾಟಿದ ಅವರು ಹಿತ್ತಲಿನ ಕಟ್ಟಿಗೆ ಕೊಟ್ಟಿಗೆಯಲ್ಲಿ, ತೆಂಗಿನ ಸಿಪ್ಪೆಯ ರಾಶಿಯ ಪಕ್ಕ ಒಂದು ಮಣೆ ಹಾಕಿಕೊಂಡು ಕುಳಿತಿದ್ದರು. "ಮನೆ ಚೆಂದ ಉಂಟು ಫಾದರ್. ನನಗೆ ಕೂತುಕೊಳ್ಳಲಿಕ್ಕೆ ಮಾತ್ರ ಜಾಗ ಇಲ್ಲ" ಎಂದರು. ನೆಲ ಜಾರುತ್ತದೆ, ಸೋಫಾದಲ್ಲಿ ಕುಳಿತರೆ ಏಳಲಾಗುವುದಿಲ್ಲ. ಅರುವತ್ತು ವರ್ಷ ಜಗಲಿಯಲ್ಲಿ ಕುಳಿತು ಅಲಸಂದೆ ಬಿಡಿಸುತ್ತ, ಮೀನು ಮಾರುವವಳನ್ನೂ ಶಾಲೆಯ ಮಕ್ಕಳನ್ನೂ ಮಾತನಾಡಿಸುತ್ತಿದ್ದವರಿಗೆ ಈಗ ಯಾರೂ ಕಾಣುತ್ತಿರಲಿಲ್ಲ.

ರಜೆಯಲ್ಲಿ ಮಗ ಬಂದಾಗ ಈ ಮಾತು ಬಂತು. ಅವರಿಗೆ ನೋವಾಯಿತು. "ಅಮ್ಮನಿಗೆ ಎಂತ ಕಡಿಮೆ ಮಾಡಿದ್ದೇನೆ ಫಾದರ್? ಹನ್ನೆರಡು ವರ್ಷ ಒಂದು ಕೋಣೆಯಲ್ಲಿ ಆರು ಜನ ಮಲಗಿದ್ದೇವೆ. ಆಗೆಲ್ಲ ಕಣ್ಣುಮುಚ್ಚಿದರೆ ಈ ಬಿಳಿ ಮನೆಯೇ ಕಾಣುತ್ತಿತ್ತು" ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಅವರ ಬೆವರಿನ ಎದುರು ವಿನ್ಯಾಸದ ಉಪದೇಶ ಮಾಡುವುದು ಸಲ್ಲದೆಂದು ತೋರಿತು. ಅಲೆಕ್ಸಾಂಡರರ ಗ್ರಂಥದಲ್ಲಿದ್ದ ಆ ಬೆಂಚಿನ ಪುಟವನ್ನಷ್ಟೇ ತೆರೆದು ಅವರ ಮುಂದಿಟ್ಟೆ. ನಿಧಾನವಾಗಿ ಓದಿದ ಅವರು, "ಇದು ನಮ್ಮ ಜಗಲಿಯೇ ಅಲ್ವಾ ಫಾದರ್?" ಎಂದು ನಕ್ಕರು. ಮರಳಿ ವಿಮಾನ ಹತ್ತುವ ಮುನ್ನ ಮೇಸ್ತ್ರಿಯನ್ನು ಕರೆಸಿ, ತಾಯಿಯ ಮೊಣಕಾಲಿನ ಎತ್ತರವನ್ನು ಅಳೆಸಿ, ಹಳೆಯ ಮನೆಯ ಉಳಿದ ಕೆಂಪುಕಲ್ಲಿನಿಂದಲೇ ಮುಂಬಾಗಿಲ ಪಕ್ಕ ಒಂದು ಕಟ್ಟೆ ಕಟ್ಟಿಸಿದರು. ಮೇಲೆ ಕಾವಿಯ ಗಿಲಾವು. ಬಿಳಿಯ ಗೋಡೆಗೆ ಅದು ಹೊಂದುವುದಿಲ್ಲವೆಂದು ನೋಡಿದವರು ಆಡಿಕೊಂಡರು. ಆ ತಾಯಿ ತಮ್ಮ ಕೊನೆಯ ಮೂರು ವರ್ಷಗಳ ಸಂಜೆಗಳನ್ನು ಅದರ ಮೇಲೆಯೇ ಕಳೆದರು.

ಹೊಸ ಮನೆಗಳನ್ನು ಕಂಡಾಗ ಮೂಗು ಮುರಿಯುವವನು ನಾನಲ್ಲ. ಸೋರುವ ಮಾಡಿನ ಕೆಳಗೆ ಮಳೆಗಾಲದ ರಾತ್ರಿಗಳನ್ನು ಕಳೆದವರಿಗೆ ತಾರಸಿಯ ಬೆಲೆ ಗೊತ್ತು. ಆದರೆ ನಕ್ಷೆ ಬರೆಯಿಸುವ ಮುನ್ನ ಮನೆಯವರೆಲ್ಲ ಒಂದು ಸಂಜೆ ಒಟ್ಟಿಗೆ ಕುಳಿತು ಮಾತನಾಡುವುದು ಒಳ್ಳೆಯದು. ಅಜ್ಜಿ ದಿನದ ಹೆಚ್ಚಿನ ಹೊತ್ತು ಎಲ್ಲಿ ಕೂರುತ್ತಾರೆ, ಮಧ್ಯಾಹ್ನ ಮೂರು ಗಂಟೆಗೆ ಅಡುಗೆಮನೆಯಲ್ಲಿ ಬೆಳಕಿರುತ್ತದೆಯೇ, ಕರೆಗಂಟೆ ಒತ್ತಲು ಸಂಕೋಚಪಡುವ ನೆರೆಯವರು ಎಲ್ಲಿ ನಿಲ್ಲುತ್ತಾರೆ ಎಂಬ ಪ್ರಶ್ನೆಗಳಿಗೆ ಎಂಜಿನಿಯರರ ಬಳಿ ಉತ್ತರವಿರುವುದಿಲ್ಲ; ಅದು ಮನೆಯವರಿಗೇ ಗೊತ್ತಿರುವುದು. ಸಾಲದ ಕಂತು ಎಷ್ಟು ವರ್ಷ, ಅದನ್ನು ತೀರಿಸಲು ಮನೆಯ ಯಾರು ಎಷ್ಟು ಕಾಲ ಪರಸ್ಥಳದಲ್ಲಿರಬೇಕು ಎಂಬುದನ್ನೂ ಅದೇ ಸಂಜೆ ಲೆಕ್ಕ ಹಾಕಬೇಕು. ಬೇಕಿಲ್ಲದ ಒಂದು ಕೋಣೆಗಾಗಿ ತಂದೆಯಾದವನು ಮತ್ತೆರಡು ವರ್ಷ ಮಕ್ಕಳಿಂದ ದೂರವಿರಬೇಕಾದೀತು.

ಮನೆ ಕಟ್ಟುವ ಯೋಗ ನಿಮಗೆ ಈ ವರ್ಷ ಒದಗದಿದ್ದರೂ ಚಿಂತೆಯಿಲ್ಲ. ಇಂದು ಸಂಜೆ ನಿಮ್ಮ ಮನೆಯ ಬಾಗಿಲ ಬಳಿ ಒಂದು ಕುರ್ಚಿಯನ್ನು ದಾರಿಗೆ ಮುಖಮಾಡಿ ಇಟ್ಟು ನೋಡಿ. ಮೊದಲು ಬಂದು ಕೂರುವವರು ಮನೆಯ ಹಿರಿಯರೇ ಆಗಿರುತ್ತಾರೆ. ಅವರ ಪಕ್ಕದಲ್ಲಿ ಇನ್ನೊಂದನ್ನು ನಿಮಗಾಗಿ ಇಟ್ಟುಕೊಳ್ಳಿ.