ಎರಡು ಬಾಗಿಲಿನ ಗಾಡಿ

ನಾವು ಕಾಸರಗೋಡು ಜಿಲ್ಲೆಯ ಒಂದು ಕನ್ನಡ ಮಾಧ್ಯಮ ಪ್ರಾಥಮಿಕ ಶಾಲೆಯ ಉಪಾಧ್ಯಾಯರು. ನಮ್ಮ ಸ್ವಂತ ವಾಹನವೆಂದರೆ ಹನ್ನೊಂದು ವರ್ಷ ಹಳೆಯದಾದ ಒಂದು ಸ್ಕೂಟರು. ಮಳೆಗಾಲದಲ್ಲಿ ಅದೂ ಮುಷ್ಕರ ಹೂಡುವುದರಿಂದ ಬಸ್ಸೇ ಗತಿ. ಇಂಥ ನಾವು ಕಳೆದ ವರ್ಷ ಮೂರು ತಿಂಗಳ ಕಾಲ ಇಂಜಿನು, ಕ್ಲಚ್ಚು, ಗೇರುಪೆಟ್ಟಿಗೆಗಳ ವಿಷಯದಲ್ಲಿ ಪಾಂಡಿತ್ಯ ಸಂಪಾದಿಸಬೇಕಾಗಿ ಬಂದ ಕಥೆಯನ್ನು ವಾಚಕರ ಮುಂದಿಡುತ್ತಿದ್ದೇವೆ. ನಗುವವರು ನಗಬಹುದು, ಮೊದಲು ನಕ್ಕವರು ನಾವೇ.

ನಮ್ಮ ತಮ್ಮನು ಶಾರ್ಜಾದಲ್ಲಿ ವಾಸವಾಗಿದ್ದು, ದುಬೈಯಲ್ಲಿ ಕೆಲಸಕ್ಕಿದ್ದಾನೆ. ಒಂದು ಶುಕ್ರವಾರ ರಾತ್ರಿ ಫೋನು ಮಾಡಿ, ಸ್ವಲ್ಪ ಸಂಕೋಚದಿಂದಲೇ ಹೇಳಿದನು: "ಅಣ್ಣಾ, ಒಂದು ಗಾಡಿ ತೆಗೆಯುವಾ ಅಂತ ಉಂಟು. ಸೆಕೆಂಡ್ ಹ್ಯಾಂಡ್. ಕೂಪೆ."

ಕೂಪೆ ಎಂದರೇನೆಂದು ನಮಗೆ ತಿಳಿಯದು. ತಿಳಿಯದುದನ್ನು ತಿಳಿದಂತೆ ನಟಿಸುವುದು ಉಪಾಧ್ಯಾಯ ವೃತ್ತಿಯ ದೊಡ್ಡ ಅಪಾಯ. ಆದುದರಿಂದ ಆ ರಾತ್ರಿಯೇ ಹುಡುಕಿ ನೋಡಿದೆವು. ಫ್ರೆಂಚ್ ಭಾಷೆಯಲ್ಲಿ ಆ ಶಬ್ದಕ್ಕೆ 'ಕತ್ತರಿಸಿದುದು' ಎಂದರ್ಥವಂತೆ. ಹಿಂದೆ ಎದುರುಬದುರಾಗಿ ನಾಲ್ವರು ಕೂರುವ ಕುದುರೆಗಾಡಿಯ ಮುಂದಿನ ಪೀಠವನ್ನು ಕತ್ತರಿಸಿ, ಇಬ್ಬರಿಗಷ್ಟೇ ಉಳಿಸಿಕೊಂಡ ಗಾಡಿಗೆ ಆ ಹೆಸರು ಬಂದಿತು. ಈಗ ಎರಡು ಬಾಗಿಲಿನ, ಹಿಂದಕ್ಕೆ ಇಳಿಜಾರಾದ ಮಾಡಿನ, ವೇಗದ ಕಾರಿಗೆ ಅದೇ ಹೆಸರು.

ಅರ್ಥ ತಿಳಿದೊಡನೆ ನಮಗೆ ಸಿಟ್ಟು ಬಂದಿತು. ಊರಲ್ಲಿ ತಾಯಿ ಇರುವ ಮನೆಯ ಮಾಡು ಸೋರುತ್ತಿದೆ. ಪಕಾಸು, ರೀಪುಗಳು ಗೆದ್ದಲಿಗೆ ತುತ್ತಾಗಿವೆ. ಬರುವ ಮಳೆಗಾಲಕ್ಕೆ ಮುಂಚೆ ಹೊಸ ಮಾಡಿಗೆ ಹಣ ಕಳುಹಿಸುವೆನೆಂದು ಅವನೇ ಹೇಳಿದ್ದನು. ಆ ಹಣದಿಂದ ಕತ್ತರಿಸಿದ ಗಾಡಿಯೇ? ತಾಯಿಯೂ, "ನೀನು ಮಾಷ್ಟ್ರಲ್ವಾ, ಅವನಿಗೊಂದು ಬುದ್ಧಿ ಹೇಳು" ಎಂದರು. ಹೇಳಲು ಸಿದ್ಧರಾದೆವು. ಮಿತವ್ಯಯದ ಮೇಲೆ ನಮ್ಮಲ್ಲಿ ಭಾಷಣಗಳಿಗೆ ಕೊರತೆಯಿಲ್ಲ.

ಆದರೆ ಬಾಯಿ ತೆರೆಯುವ ಮೊದಲು ಒಂದು ಸಂಗತಿ ಅಡ್ಡ ಬಂದಿತು. 2010ರಲ್ಲಿ ಅವನು ವಿಮಾನ ಹತ್ತಿದಾಗ ಅವನಿಗೆ ಹತ್ತೊಂಬತ್ತು ವರ್ಷ. ನಾವು ಆಗ ಉಪಾಧ್ಯಾಯ ತರಬೇತಿಯಲ್ಲಿದ್ದೆವು. ಎರಡನೆಯ ವರ್ಷದ ನಮ್ಮ ಖರ್ಚೂ ಬಳಿಕ ತಂಗಿಯ ಮದುವೆಯ ಸಾಲವೂ ತೀರಿದುದು ಅವನು ಕಳುಹಿಸಿದ ಹಣದಿಂದ. ನಮ್ಮ ಪೆಟ್ಟಿಗೆಯಲ್ಲಿ ಭದ್ರವಾಗಿರುವ ಆ ತರಬೇತಿಯ ಪ್ರಮಾಣಪತ್ರದ ಮೇಲೆ ಹೆಸರು ನಮ್ಮದು. ಬೆವರು ಅರ್ಧ ಅವನದು.

ಇನ್ನೊಂದು ಸಂಗತಿಯೂ ಇದೆ. ಹುಡುಗನಾಗಿದ್ದಾಗ ಅವನು ಗಣಿತದ ಪುಸ್ತಕದ ಹಿಂದಿನ ಪುಟಗಳಲ್ಲಿ ಕಾರುಗಳ ಚಿತ್ರ ಬರೆಯುತ್ತಿದ್ದನು. ಎಲ್ಲವೂ ಎರಡೇ ಬಾಗಿಲಿನವು, ನೆಲಕ್ಕೆ ಹತ್ತಿದಂಥವು. ಒಂದು ದಿನ ನಾವು ಆ ಪುಟಗಳನ್ನು ಹರಿದು ಒಲೆಗೆ ಹಾಕಿದೆವು. ಅವನು ಅಳಲಿಲ್ಲ; ಸುಮ್ಮನೆ ಲೆಕ್ಕ ಮಾಡತೊಡಗಿದನು. ಇದನ್ನು ನಾವು ಮರೆತಿದ್ದೆವೆಂದು ಹೇಳಿದರೆ ಸುಳ್ಳಾದೀತು.

ಆದುದರಿಂದ ಬುದ್ಧಿ ಹೇಳುವುದನ್ನು ಬಿಟ್ಟು, "ಯಾವ ಗಾಡಿ ನೋಡಿದ್ದೀ?" ಎಂದು ಕೇಳಿದೆವು.

ಅವನು ಮೊದಲು ಮನಸೋತದ್ದು ಅಮೆರಿಕದಿಂದ ಬಂದ ಒಂದು ಹಳದಿ ಕೂಪೆಗೆ. ಬೆಲೆ ಅಗ್ಗ, ಮೈ ಕನ್ನಡಿಯಂತೆ. ಮರುದಿನ ಮುಂಗಡ ಕೊಡುವವನಿದ್ದನು. ಅಷ್ಟರಲ್ಲಿ ನಾವು ಓದಿ ತಿಳಿದಿದ್ದೆವು: ಅಮೆರಿಕದಲ್ಲಿ ಅಪಘಾತಕ್ಕೋ ನೆರೆನೀರಿಗೋ ಸಿಕ್ಕಿ, ವಿಮೆಯವರು ಕೈಬಿಟ್ಟ ಕಾರುಗಳು ಹರಾಜಾಗಿ ಹಡಗಿನಲ್ಲಿ ಆ ದೇಶಕ್ಕೆ ಬಂದು, ರಿಪೇರಿಯಾಗಿ ಪೇಟೆಗೆ ಇಳಿಯುವುದುಂಟು. ಎಲ್ಲವೂ ಹಾಗೆಂದಲ್ಲ, ಆದರೆ ಅಗ್ಗದ ಹಿಂದೆ ಒಂದು ಚರಿತ್ರೆಯಿರುತ್ತದೆ. ಅಲ್ಲದೆ ಕೊಲ್ಲಿ ದೇಶಗಳಿಗೆಂದೇ ತಯಾರಾದ ಗಾಡಿಗಳಲ್ಲಿ ಅಲ್ಲಿಯ ಬಿಸಿಲಿಗೆ ತಕ್ಕಂತೆ ತಂಪು ಮಾಡುವ ಏರ್ಪಾಡು ಇರುತ್ತದೆ. ಬೇರೆ ಹವೆಗೆ ಹುಟ್ಟಿದ ಗಾಡಿಗೆ ಅದು ಇದ್ದೇ ಇರುವುದೆಂಬ ಭರವಸೆಯಿಲ್ಲ.

ವೀಡಿಯೋ ಕರೆ ಮಾಡಿಸಿ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿಸಿದೆವು. ಹದಿಮೂರು ವರ್ಷ ಮಕ್ಕಳ ಪುಸ್ತಕ ತಿದ್ದಿದವರಿಗೆ ಒಂದು ವಿದ್ಯೆ ಬಂದಿರುತ್ತದೆ: ನಕಲು ಮಾಡಿದ ಉತ್ತರವು ಉಳಿದುದಕ್ಕಿಂತ ಚಂದವಾಗಿರುತ್ತದೆ. ಆ ಗಾಡಿಯ ಬಲಗಡೆಯ ದೀಪವು ಎಡಗಡೆಯದಕ್ಕಿಂತ ಹೊಳೆಯುತ್ತಿತ್ತು. ಗಾಜುಗಳ ಮೂಲೆಯಲ್ಲಿರುವ ಗುರುತುಗಳಲ್ಲಿ ಒಂದು ಮಾತ್ರ ಬೇರೆ ತಯಾರಕರದು. ಬಾನೆಟ್ಟಿನ ತಿರುಗಣಿಯ ಬೋಲ್ಟುಗಳ ಮೇಲೆ ಸ್ಪ್ಯಾನರು ಹಾಕಿದ ಗಾಯವಿತ್ತು. "ಹದಿನೇಳು ಅಕ್ಷರಾಂಕಗಳ ಚಾಸಿ ನಂಬರು ಹಾಕಿ ಅದರ ಚರಿತ್ರೆ ತೆಗೆಸು" ಎಂದೆವು. ಮುಂಭಾಗ ಪೂರಾ ಜಜ್ಜಿ, ಗಾಳಿಚೀಲಗಳು ಸಿಡಿದ ಗಾಡಿಯೆಂದು ವರದಿ ಬಂದಿತು. ತಮ್ಮನು ಎರಡು ದಿನ ನಮ್ಮೊಡನೆ ಮಾತಾಡಲಿಲ್ಲ. ಮತ್ತೊಮ್ಮೆ ಪುಟ ಹರಿದಂತಾಯಿತೋ ಎಂದು ನಮಗೂ ನಿದ್ದೆ ಬರಲಿಲ್ಲ.

ಮೂರನೆಯ ದಿನ ಅವನೇ ಕೇಳಿದನು: "ಹಾಗಾದರೆ ಯಾವುದು ತೆಗೆಯಬೇಕು ಅಣ್ಣಾ?"

ಆಗ ಕ್ರಮವಾಗಿ ಕೂತೆವು. ದಿನವೂ ಕೆಲಸಕ್ಕೆ ಹೋಗುವ ಗಾಡಿ. ಶಾರ್ಜಾ-ದುಬೈ ದಾರಿಯ ಬೆಳಗಿನ ದಟ್ಟಣೆಯಲ್ಲಿ ಇಂಚಿಂಚಾಗಿ ಸರಿಯಬೇಕಾದುದು. ಕೊನೆಗೆ ಉಳಿದವು ಎರಡು. ನಿಸ್ಸಾನ್ 370ಝಡ್: 3.7 ಲೀಟರಿನ ಆರು ಸಿಲಿಂಡರಿನ ಇಂಜಿನು, 330ರ ಸಮೀಪ ಅಶ್ವಶಕ್ತಿ, ಎರಡೇ ಆಸನ. ಟೊಯೊಟಾ 86: 2012ರಲ್ಲಿ ಸುಬಾರುವಿನೊಡನೆ ಕೂಡಿ ಹೊರತಂದುದು, 2 ಲೀಟರಿನ ಇಂಜಿನು, ಸುಮಾರು 200 ಅಶ್ವಶಕ್ತಿ, ಹಿಂದೆ ಎರಡು ಪುಟ್ಟ ಆಸನ. ಅದರ ಸಿಲಿಂಡರುಗಳು ನೆಟ್ಟಗೆ ನಿಲ್ಲದೆ ಎಡಕ್ಕೂ ಬಲಕ್ಕೂ ಮಲಗಿವೆ. ಆದುದರಿಂದ ಭಾರವು ನೆಲಕ್ಕೆ ಹತ್ತಿರವಾಗಿ, ತಿರುವಿನಲ್ಲಿ ಗಾಡಿ ಸ್ಥಿರವಾಗಿರುತ್ತದೆ.

ಎರಡಕ್ಕೂ ಬಲ್ಲವರು ಹೇಳುವ ದೋಷಗಳಿವೆ. ಮೊದಲನೆಯದರಲ್ಲಿ ಕ್ಲಚ್ಚನ್ನು ಒತ್ತುವ ಸಿಲಿಂಡರು ಗೇರುಪೆಟ್ಟಿಗೆಯ ಒಳಭಾಗದಲ್ಲಿರುವುದರಿಂದ ಅದು ಸೋರಿದರೆ ಪೆಟ್ಟಿಗೆಯನ್ನೇ ಇಳಿಸಬೇಕು. ಎರಡನೆಯದರಲ್ಲಿ ಮೊದಮೊದಲು ತಯಾರಾದ ಗಾಡಿಗಳ ಕವಾಟದ ಸ್ಪ್ರಿಂಗುಗಳನ್ನು ಬದಲಿಸಲು ಕಂಪೆನಿಯೇ 2018ರಲ್ಲಿ ಹಿಂದಕ್ಕೆ ಕರೆಯಿತು. ಆ ಕೆಲಸಕ್ಕೆ ಇಂಜಿನು ಬಿಚ್ಚಬೇಕಾದುದರಿಂದ, ಆ ವರ್ಷಗಳ ಗಾಡಿಯನ್ನು ಬಿಟ್ಟು ಮುಂದಿನದನ್ನು ನೋಡುವುದು ಲೇಸು. ದೋಷವಿಲ್ಲದ ಯಂತ್ರವಿಲ್ಲ. ಯಾವ ದೋಷವನ್ನು ನಮ್ಮ ಗಂಟು ತಾಳಬಲ್ಲುದೆಂಬುದೇ ಆಯ್ಕೆ. ಶಕ್ತಿ ಹೆಚ್ಚಿದಷ್ಟು ಪೆಟ್ರೋಲು, ಟಯರು, ಬ್ರೇಕು, ವಿಮೆ ಎಲ್ಲವೂ ಹೆಚ್ಚು. ದಟ್ಟಣೆಯಲ್ಲಿ ನಿಂತ ಗಾಡಿಗೆ 330 ಕುದುರೆಗಳಾದರೇನು, 200 ಆದರೇನು? ತಮ್ಮನು ನಕ್ಕು 86ಕ್ಕೆ ಒಪ್ಪಿದನು. ಆದರೆ ಗೇರು ಮಾತ್ರ ಕೈಯಿಂದಲೇ ಹಾಕುವುದಾಗಬೇಕೆಂದು ಹಟ ಹಿಡಿದನು. ಎಡಗಾಲು ನೋಯುವುದು ಅವನದು, ನಾವು ಬಿಟ್ಟುಕೊಟ್ಟೆವು.

ಪರೀಕ್ಷೆಗೆ ಒಂದು ಪಟ್ಟಿ ಮಾಡಿ ಕಳುಹಿಸಿದೆವು. ವಾಚಕರಲ್ಲಿ ಯಾರಿಗಾದರೂ ಉಪಯೋಗವಾದೀತೆಂದು ಸಾರವನ್ನು ಬರೆಯುತ್ತೇವೆ. ಇಂಜಿನನ್ನು ತಣ್ಣಗಿರುವಾಗಲೇ ಚಾಲು ಮಾಡಿಸಬೇಕು. ನಾವು ಹೋಗುವ ಮೊದಲೇ ಬಾನೆಟ್ಟು ಬಿಸಿಯಾಗಿದ್ದರೆ ಮಾರುವವನು ಏನನ್ನೋ ಮರೆಸುತ್ತಿರಬಹುದು. ಎಣ್ಣೆ ಬದಲಿಸಿದ ದಾಖಲೆ ವರ್ಷಕ್ರಮದಲ್ಲಿ ಬೇಕು. ಬಣ್ಣದ ದಪ್ಪ ಅಳೆಯುವ ಚಿಕ್ಕ ಯಂತ್ರವಿದೆ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 180 ಮೈಕ್ರಾನಿನೊಳಗಿರುತ್ತದೆ, ಅದಕ್ಕಿಂತ ಬಹಳ ಹೆಚ್ಚು ಕಂಡಲ್ಲಿ ಮರುಬಣ್ಣವೋ ಕೆಳಗೆ ಪುಟ್ಟಿಯೋ ಇದ್ದೀತು. ಟಯರಿನ ಬದಿಯಲ್ಲಿ 2319 ಎಂದಿದ್ದರೆ 2019ರ 23ನೆಯ ವಾರ ತಯಾರಾದುದೆಂದರ್ಥ. ನಾಲ್ಕೂ ಸಮನಾಗಿ ಸವೆದಿರಬೇಕು. ಮೀಟರು ಕಡಿಮೆ ತೋರಿಸಿ, ಪೆಡಲಿನ ರಬ್ಬರು ನುಣ್ಣಗಾಗಿದ್ದರೆ ರಬ್ಬರನ್ನೇ ನಂಬಬೇಕು. ವೇಗದ ಗಾಡಿಯಲ್ಲಿ ಇನ್ನೊಂದು ಮಾತು: ಹಿಂದಿನ ಯಜಮಾನನು ಸೈಲೆನ್ಸರು ಬದಲಿಸಿ, ಇಂಜಿನಿನ ಗಣಕದಲ್ಲಿ ಕೈಯಾಡಿಸಿದ್ದರೆ ಆ ಗಾಡಿಯ ಆಸೆ ಬಿಡಬೇಕು. ಕೊನೆಯದಾಗಿ, ಮಾರುವವನ ಪರಿಚಯವಿಲ್ಲದ ಮೆಕ್ಯಾನಿಕನಿಗೆ ದುಡ್ಡು ಕೊಟ್ಟು ತೋರಿಸಬೇಕು. ಬೆಲೆಯ ಹತ್ತರಲ್ಲೊಂದು ಭಾಗವನ್ನು ಮೊದಲ ವರ್ಷದ ರಿಪೇರಿಗೆಂದು ತೆಗೆದಿಡಬೇಕು.

ನಾಲ್ಕು ಗಾಡಿಗಳು ಈ ಪಟ್ಟಿಯಲ್ಲಿ ನಪಾಸಾದವು. ಐದನೆಯದು, 2017ರ ಬೂದುಬಣ್ಣದ್ದು, ಪಾಸಾಯಿತು. ಒಬ್ಬನೇ ಯಜಮಾನ, ಎಲ್ಲ ದಾಖಲೆ, ಎಡಬಾಗಿಲಿನಲ್ಲಿ ಒಂದು ಗೀರು. ಆ ಗೀರನ್ನು ಮರೆಸದಿದ್ದುದೇ ನಮಗೆ ಹಿಡಿಸಿತು. ಬೆಲೆ ನಮ್ಮ ಎರಡು ವರ್ಷಗಳ ಸಂಬಳಕ್ಕೂ ಮಿಗಿಲು.

ಮಾಡಿನ ವಿಷಯವನ್ನು ಅವನೇ ಎತ್ತಿದನು. "ಅಣ್ಣಾ, ಮಾಡಿಗೆ ಈ ವರ್ಷ ಅರ್ಧ ಮಾತ್ರ ಆದೀತು" ಎಂದು ಹೇಳುವಾಗ ಅವನ ದನಿ ಹತ್ತು ವರ್ಷದ ಹುಡುಗನದಾಗಿತ್ತು. "ಉಳಿದದ್ದು ನಾವು ನೋಡಿಕೊಳ್ಳುತ್ತೇವೆ, ನೀನು ಗಾಡಿಗೆ ಎಣ್ಣೆ ಹೊತ್ತಿಗೆ ಸರಿಯಾಗಿ ಬದಲಿಸು" ಎಂದೆವು. ಮರುದಿನ ಸಹಕಾರಿ ಸಂಘಕ್ಕೆ ಹೋಗಿ ಸಾಲದ ಪತ್ರಕ್ಕೆ ಸಹಿ ಹಾಕಿದೆವು. ಹದಿನೈದು ವರ್ಷ ಆ ಮನೆಯ ಭಾರವೆಲ್ಲ ಒಂದೇ ಹೆಗಲಿನ ಮೇಲಿತ್ತು. ಅದನ್ನು ಕಂಡೂ ಕಾಣದಂತೆ ಇದ್ದ ನಾವು ಊರಿನಲ್ಲಿ ಮಿತವ್ಯಯದ ಭಾಷಣ ಮಾಡುತ್ತಿದ್ದೆವು.

ಮೇ ತಿಂಗಳ ಕೊನೆಗೆ ಹೊಸ ಮಾಡು ಏರಿತು. ಜೂನಿನ ಮೊದಲ ಮಳೆಯ ರಾತ್ರಿ ಪಾತ್ರೆಗಳನ್ನು ಹರಡದೆ ಮಲಗಿದೆವು. ಬೆಳಿಗ್ಗೆ ತಮ್ಮನು ಗಾಡಿ ಚಾಲು ಮಾಡುವ ಸದ್ದನ್ನು ರೆಕಾರ್ಡು ಮಾಡಿ ಕಳುಹಿಸಿದ್ದನು. ತಾಯಿ ಅದನ್ನು ಕಿವಿಗೆ ಹಿಡಿದು ಎರಡು ಸಲ ಕೇಳಿ, "ಸದ್ದು ಒಳ್ಳೇದುಂಟು. ಆದರೆ ಹಿಂದಿನ ಸೀಟಿನಲ್ಲಿ ನಾನು ಹಿಡಿಯುತ್ತೇನಾ ಕೇಳು" ಎಂದರು.

ಕೇಳಿದೆವು. ಹಿಂದಿನ ಸೀಟಿನಲ್ಲಿ ಹಿಡಿಯುವುದಿಲ್ಲವಂತೆ. ಅಮ್ಮನಿಗೆ ಮುಂದಿನ ಸೀಟು ಖಾಲಿ ಉಂಟಂತೆ.